ಅಕ್ಕನ ಮನೆಯ ಎರಡು ಕೋಟ್

ಪೇಂಟರಣ್ಣನಿಗೆ ಕೆಲಸದ ವಿಷಯದಲ್ಲಿ ಮೂಗಿನ ತುದಿಯಲ್ಲೇ ಕೋಪ. ಬೂಷ್ಟು ಹಿಡಿದ ಗೋಡೆಗೆ ನೇರವಾಗಿ ಬಣ್ಣ ಬಳಿ ಎಂದವರನ್ನು, "ಹುಣ್ಣಿನ ಮೇಲೆ ಪೌಡರ್ ಹಚ್ತೀರೇನ್ರೀ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡುತ್ತಿದ್ದ. ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಬೇಕು. ಆಮೇಲೆ ಕೆರೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಉಜ್ಜಿ, ವಾರವಿಡೀ ಒಣಗಲು ಬಿಡಬೇಕು. ಬಣ್ಣ ಏನಿದ್ದರೂ ಕೊನೆಗೆ.

ಮೂವತ್ತು ವರ್ಷ ಊರಿಗೆಲ್ಲ ಹೇಳಿದ ಈ ಪಾಠವನ್ನು ಅವನು ಮುರಿದದ್ದು ಒಂದೇ ಕಡೆ, ಸ್ವಂತ ಅಕ್ಕನ ಮನೆಯಲ್ಲಿ. "ಅಕ್ಕ ತಾನೇ, ನಡೆಯುತ್ತೆ" ಎಂದುಕೊಂಡು ಕರಿ ಚುಕ್ಕೆಗಳ ಮೇಲೆಯೇ ಎರಡು ಕೋಟ್ ಎಳೆದು, ಮಧ್ಯಾಹ್ನದೊಳಗೆ ಕೈ ತೊಳೆದುಕೊಂಡಿದ್ದ.

ಆರು ತಿಂಗಳಾದ ಮೇಲೆ, ಅಕ್ಕನಿಗೆ ಕೆಮ್ಮು ಬಿಡುತ್ತಿಲ್ಲವೆಂದು ಕೇಳಿ ನೋಡಲು ಬಂದ. ಚಳಿಯಲ್ಲೂ ಮಲಗುವ ಕೋಣೆಯ ಕಿಟಕಿಗಳು ಹಾರುಹೊಡೆದಿದ್ದವು. ಮಂಚ ಗೋಡೆಯಿಂದ ಒಂದು ಮೊಳ ಈಚೆ ಸರಿದಿತ್ತು. ಮೂಲೆಯಲ್ಲಿ ಬಣ್ಣ ಉಬ್ಬಿತ್ತು. ಅವನು ಉಗುರು ತಾಗಿಸಿದ್ದೇ ತಡ, ಈರುಳ್ಳಿ ಸಿಪ್ಪೆಯಂತೆ ಕಳಚಿ ಬಿತ್ತು. ಒಳಗೆ ಅದೇ ಕಪ್ಪು, ಚುಕ್ಕೆಯಾಗಿದ್ದದ್ದು ಈಗ ಅಂಗೈಯಗಲ.

"ಅಕ್ಕಾ, ಇದು..."

"ಬೈಬೇಡ ಕಣೋ," ಎಂದಳು ಅಕ್ಕ, ಕೆಮ್ಮು ಅದುಮಿಕೊಳ್ಳುತ್ತ. "ಕಿಟಕಿ ಮುಚ್ಕೊಂಡು ಒದ್ದೆ ಬಟ್ಟೆ ಒಳಗೇ ಹರವ್ತಿದ್ದೆ. ನೀನು ಅಷ್ಟು ಚೆನ್ನಾಗಿ ಮಾಡ್ಕೊಟ್ಟಿದ್ದನ್ನ ನಾನೇ ಹಾಳು ಮಾಡ್ಬಿಟ್ಟೆ. ಬಂದವರು ಕೇಳಿದ್ರೆ ಬಣ್ಣ ಬಳಿದಿದ್ದು ನೀನು ಅಂತ ಹೇಳಲ್ಲ. ನನ್ನಿಂದ ನಿನ್ನ ಹೆಸರು ಕೆಡಬಾರದು ನೋಡು."