ಇಲಿಪಾಷಾಣ ಮತ್ತು ಮೇಷ್ಟ್ರ ಕಾಗೆಗಳು

ನಿನ್ನೆ ಸಂಜೆ ಬ್ಯಾಂಕಿನಿಂದ ಹೊರಗೆ ಬಂದಾಗ ಎದುರಿನ ತಳ್ಳುಗಾಡಿಯ ಬಾಣಲೆಯಿಂದ ಕಡಲೆಬೇಳೆ ವಡೆಯ ವಾಸನೆ ಬಂತು. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಕಾದ ಎಣ್ಣೆ... ವಿಜಯವಾಡದ ಧಗೆಯಲ್ಲೂ ಜನ ಗಾಡಿಗೆ ಮುಗಿಬಿದ್ದಿದ್ದರು. ಜೊತೆಗಿದ್ದ ಕ್ಯಾಷಿಯರ್ ಎರಡು ವಡೆಗಳನ್ನು ಕಾಗದದಲ್ಲಿ ಹಿಡಿದು, "ತಿನಂಡಿ ಸಾರ್, ವೇಡಿಗಾ ಉನ್ನಾಯಿ" ಎಂದ. ಬಿಸಿಯಾಗಿವೆ, ತಿನ್ನಿ ಅಂತ. ಗ್ಯಾಸ್ಟ್ರಿಕ್ ಎಂದು ಸುಳ್ಳು ಹೇಳಿ ಬಸ್‌ಸ್ಟಾಪಿನ ಕಡೆ ನಡೆದೆ. ನಾನು ದಾವಣಗೆರೆಯವನು. ಕರಿದ ತಿಂಡಿಗೆ ಬೇಡ ಎಂದು ನಮ್ಮ ವಂಶದಲ್ಲೇ ಯಾರೂ ಹೇಳಿರಲಿಕ್ಕಿಲ್ಲ. ಆದರೆ ಆ ವಾಸನೆ ಬಂದರೆ ನನಗೆ ಪೆಂಡುರ್ತಿಯ ಮನೆಯ ಹಿತ್ತಲು ಕಾಣುತ್ತದೆ. ಹಿತ್ತಲಿನಲ್ಲಿ ಲುಂಗಿ ಮೇಲೆತ್ತಿ ಕಟ್ಟಿ ನಿಂತ ಮೇಷ್ಟ್ರು ಕಾಣುತ್ತಾರೆ.

ವಿಶಾಖಪಟ್ಟಣಕ್ಕೆ ವರ್ಗವಾದಾಗ ನಮಗೆ ಬಾಡಿಗೆ ಮನೆ ಸಿಕ್ಕಿದ್ದು ಊರಿನ ಪಡುವಣ ತುದಿಯ ಪೆಂಡುರ್ತಿಯಲ್ಲಿ. ಮಹಡಿಯಲ್ಲಿ ನಾನು, ನನ್ನ ಹೆಂಡತಿ. ಕೆಳಗೆ ಮನೆಯ ಮಾಲೀಕರು, ನಿವೃತ್ತ ಲೆಕ್ಕದ ಮೇಷ್ಟ್ರು. ಅವರ ಹೆಂಡತಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮಗಳು ಅಲ್ಲೇ ಹತ್ತಿರದಲ್ಲಿ ಸಂಸಾರ ಮಾಡಿಕೊಂಡಿದ್ದು, ರಜೆಯ ದಿನ ಬಂದು ಅಪ್ಪನಿಗೆ ವಾರಕ್ಕಾಗುವಷ್ಟು ಚಟ್ನಿಪುಡಿ, ಸಾಂಬಾರಿನ ಪುಡಿ ಮಾಡಿಟ್ಟು ಹೋಗುತ್ತಿದ್ದಳು. ಮೇಷ್ಟ್ರು ಮೊದಲ ದಿನವೇ ನನ್ನನ್ನು "ಮ್ಯಾನೇಜರುಗಾರು" ಎಂದು ಕರೆದರು. ನಾನಿನ್ನೂ ಆಫೀಸರ್. ಹೆಡ್ಡಾಫೀಸಿಗೆ ಆ ಬುದ್ಧಿ ಬರಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ಅವರದು ತೆಲುಗು, ನನ್ನದು ಹರಕು ತೆಲುಗು. ಇಲ್ಲಿ ಅವರ ಮಾತನ್ನೆಲ್ಲ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮನೆಯ ಹಿಂದೆ ಒಳ್ಳೆಯ ಕೈತೋಟವಿತ್ತು. ಬದನೆ, ಬೆಂಡೆ, ಪುಂಡಿ ಸೊಪ್ಪು, ಗೋಡೆಯ ಪಕ್ಕ ಒಂದು ನುಗ್ಗೆ ಮರ. ಎಲ್ಲ ಅವರ ಹೆಂಡತಿ ಬೆಳೆಸಿದ್ದು. ಪ್ರತಿದಿನ ಬೆಳಿಗ್ಗೆ ಮೇಷ್ಟ್ರು ಮಾಡಿದ ಅನ್ನದಲ್ಲಿ ಮೊದಲ ಹಿಡಿಯನ್ನು ಕಾಂಪೌಂಡ್ ಗೋಡೆಯ ಮೇಲಿಡುತ್ತಿದ್ದರು. ಅವರು ಒಳಗೆ ಹೋಗುವಷ್ಟರಲ್ಲಿ ಏಳೆಂಟು ಕಾಗೆಗಳು ಗೋಡೆಯ ಮೇಲಿರುತ್ತಿದ್ದವು. "ಆಕೆ ಇದ್ದಾಗ ಆಕೆ ಹಾಕುತ್ತಿದ್ದಳು, ಈಗ ಯಾವುದೋ ಒಂದರಲ್ಲಿ ಆಕೆಯೇ ಬರುತ್ತಾಳೆ" ಎಂದು ನಗುತ್ತಾ ಹೇಳುತ್ತಿದ್ದರು. ನಗುತ್ತಿದ್ದರು ನಿಜ, ಆದರೆ ಹಿಡಿ ಅನ್ನ ಇಡುವುದನ್ನು ಒಂದು ದಿನವೂ ತಪ್ಪಿಸಿದ್ದು ನಾನು ಕಾಣೆ. ನನಗೂ ನುಗ್ಗೆ ಮರದ ಪಕ್ಕ ಒಂದು ಪಟ್ಟಿ ಜಾಗ ಬಿಟ್ಟುಕೊಟ್ಟರು. ನಮ್ಮ ಕಡೆಯ ಚಾಳಿ, ಶೇಂಗಾ ಹಾಕಿದೆ.

ಶೇಂಗಾ ಹಾಕಿದ್ದು ನಾನು, ತಿಂದಿದ್ದು ಇಲಿಗಳು. ಗಿಡದ ಬುಡ ಕೆದರಿ, ಎಳೆಕಾಯಿ ಬಿಡಿಸಿ, ಸಿಪ್ಪೆಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದವು. ಒಂದೆರಡು ಹೆಗ್ಗಣಗಳೂ ಸೇರಿಕೊಂಡು ಗೋಡೆಯ ಬುಡದಲ್ಲಿ ಬಿಲ ಕೊರೆದವು. ಮೇಷ್ಟ್ರ ಬಳಿ ಒಂದು ಹಳೆಯ ತಂತಿಯ ಬೋನಿತ್ತು. ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಇಡುವುದು, ಬಿದ್ದ ಇಲಿಯನ್ನು ಬೋನಿನ ಸಮೇತ ಸ್ಕೂಟರಿನಲ್ಲಿ ಕಾಲಿನ ಬಳಿ ಇಟ್ಟುಕೊಂಡು ರೈಲು ಹಳಿಯ ಆಚೆಯ ಬಯಲಿನಲ್ಲಿ ಬಿಟ್ಟು ಬರುವುದು, ಇದು ಅವರ ಕ್ರಮ. ಕೊಲ್ಲುವ ಮಾತೇ ಇಲ್ಲ. "ಸಾರ್, ನೀವು ಮನೆ ಮುಟ್ಟುವ ಮೊದಲೇ ಅದು ಬಂದಿರುತ್ತೆ" ಎಂದು ನಾನು ರೇಗಿಸುತ್ತಿದ್ದೆ. ಒಂದು ದಿನ ಬೋನಿನಿಂದ ಹೊರಗೆ ಚಾಚಿದ್ದ ಬಾಲಕ್ಕೆ ಬ್ಯಾಂಕಿನ ಸ್ಟಾಂಪ್ ಪ್ಯಾಡಿನ ನೇರಳೆ ಮಸಿ ಬಳಿದು ಕೊಟ್ಟೆ. ನಾಲ್ಕನೆಯ ದಿನ ನೇರಳೆ ಬಾಲ ಮತ್ತೆ ಬೋನಿನಲ್ಲಿತ್ತು. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೀವೇ ಸೀಲು ಹಾಕಿ ಪಾಸ್ ಮಾಡಿದಿರಿ ಮ್ಯಾನೇಜರುಗಾರು, ಇನ್ನು ಯಾರು ಓಡಿಸುತ್ತಾರೆ?"

ಅವರ ಜೊತೆ ನಾನೂ ನಕ್ಕೆ. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಪಿತೃಪಕ್ಷದ ಅಮಾವಾಸ್ಯೆಯ ಮರುದಿನ ನೋಡಿದರೆ ಪಟ್ಟಿಯ ಅರ್ಧ ಗಿಡ ಮಗುಚಿಬಿದ್ದಿದ್ದವು. ಮೇಷ್ಟ್ರು ಅನಕಾಪಲ್ಲಿಯ ತಂಗಿಯ ಮನೆಗೆ ಹೋಗಿದ್ದರು, ಬರುವುದು ಎರಡು ದಿನ ಬಿಟ್ಟು. ಇದೇ ಸಮಯ ಎಂದುಕೊಂಡು ಅಂಗಡಿಯಿಂದ ಇಲಿಪಾಷಾಣ ತಂದೆ. ಹಿಂದಿನ ದಿನ ನನ್ನ ಅಪ್ಪನ ಹೆಸರಿನಲ್ಲಿ ಎಡೆ ಇಟ್ಟಿದ್ದೆವು, ಕರಿದ ವಡೆ ಮಿಕ್ಕಿತ್ತು. ಇಲಿಗೆ ವಡೆಗಿಂತ ರುಚಿ ಇನ್ನೇನಿದೆ? ಹೆಂಡತಿ ನನ್ನ ಕೈ ಹಿಡಿದಳು. "ರೀ, ಹಿರೇರಿಗೆ ಮಾಡಿದ್ದಕ್ಕೆ ವಿಷ ಹಚ್ಚಬ್ಯಾಡ್ರಿ. ಬೇರೆ ಏನಾದ್ರು ಹಾಕ್ರಿ." ನಾನು ಕೇಳಲಿಲ್ಲ. ಕತ್ತಲಾಗುವ ಮೊದಲೇ ಪ್ರತಿ ಬಿಲದ ಬಾಯಲ್ಲೂ ಒಂದೊಂದು ವಡೆ ಇಟ್ಟು, ಮೇಲೆ ಹೆಂಚಿನ ಚೂರು ಮುಚ್ಚಿ ಬಂದೆ. ದೊಡ್ಡ ಸಾಧನೆ ಮಾಡಿದವನ ಹಾಗೆ ಊಟಕ್ಕೆ ಕೂತೆ.

ಇಲಿಗಳು ಹೆಂಚು ಸರಿಸಿ ವಡೆಗಳನ್ನು ಬಯಲಿಗೆ ಎಳೆದಿದ್ದವು. ಬೆಳಿಗ್ಗೆ ಮೂರು ಇಲಿ ಸತ್ತಿರುವುದನ್ನು ಮಹಡಿಯಿಂದಲೇ ನೋಡಿ ಖುಷಿಪಟ್ಟೆ. ಸಂಜೆ ಬಂದು ಹೂತರಾಯಿತು ಎಂದು ಬ್ಯಾಂಕಿಗೆ ಹೋದೆ. ಅಮಾವಾಸ್ಯೆಯ ದಿನ ನಾವೇ ಎಡೆಯ ವಡೆ ಗೋಡೆಯ ಮೇಲಿಟ್ಟು ಕಾಗೆಗಳನ್ನು ಕರೆದಿದ್ದೆವು, ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮಧ್ಯಾಹ್ನ ಹೆಂಡತಿಯ ಫೋನ್ ಬಂತು. ಅಳುತ್ತಿದ್ದಳು. ನಾನು ಬಂದು ನೋಡಿದಾಗ ನುಗ್ಗೆ ಮರದ ಕೆಳಗೆ ಐದು ಕಾಗೆ ಸತ್ತು ಬಿದ್ದಿದ್ದವು. ಅಕ್ಕಪಕ್ಕದ ತಂತಿ, ಟ್ಯಾಂಕು, ಮರದ ಮೇಲೆಲ್ಲ ನೂರಾರು ಕಾಗೆ ಕೂತು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದವು. ತಲೆಗೆ ಟವೆಲ್ ಸುತ್ತಿಕೊಂಡು ನನ್ನ ಶೇಂಗಾ ಪಟ್ಟಿಯಲ್ಲೇ ಗುಂಡಿ ತೋಡಿ ಎಲ್ಲವನ್ನೂ ಹೂತೆ. ಮಿಕ್ಕ ವಡೆಯನ್ನು ಹುಡುಕಿ ಹುಡುಕಿ ಹೂತೆ.

ಕಾಗೆಗಳು ಮಾರನೆಯ ದಿನದಿಂದ ಆ ಗೋಡೆಗೆ ಬರಲಿಲ್ಲ. ತಮ್ಮವರು ಸತ್ತ ಜಾಗವನ್ನು ಅವು ಸುಲಭಕ್ಕೆ ಮರೆಯುವುದಿಲ್ಲವಂತೆ. ಊರಿನಿಂದ ಬಂದ ಮೇಷ್ಟ್ರು ಅನ್ನ ಇಟ್ಟರು, ಮಧ್ಯಾಹ್ನದವರೆಗೂ ಅದು ಒಣಗುತ್ತಾ ಇತ್ತು. "ಎರಡು ದಿನ ನಾನಿರಲಿಲ್ಲ, ಅಭ್ಯಾಸ ತಪ್ಪಿದೆ" ಎಂದರು. ಹೀಗೆ ಒಂದು ವಾರ, ಎರಡು ವಾರ... "ನಾನಿಲ್ಲದಾಗ ಏನಾದರೂ ಆಯಿತಾ?" ಎಂದು ಒಮ್ಮೆ ಕೇಳಿದರು. ಏನೂ ಇಲ್ಲ ಸಾರ್, ಎಂದೆ. ಅಷ್ಟಕ್ಕೇ ಸುಮ್ಮನಾಗದೆ ಇಲಿಗಳೂ ಯಾಕೋ ಕಡಿಮೆಯಾಗಿವೆ, ಎಲ್ಲೋ ಬೇರೆ ಕಡೆ ಹೋಗಿರಬೇಕು ಎಂದೂ ಸೇರಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಸ್ಥಿತಿ ಅದೇ. ಅವರಿಗೆ ಅನುಮಾನ ಬರಲಿಲ್ಲ. ಒಳ್ಳೆಯವರ ಎದುರು ಸುಳ್ಳು ಹೇಳುವುದು ಎಷ್ಟು ಸುಲಭ!

ಕಾರ್ತಿಕ ಮಾಸದಲ್ಲಿ ಅವರ ಹೆಂಡತಿಯ ತಿಥಿ ಬಂತು. ಪುರೋಹಿತರು ಬಂದರು, ಮಗಳು ಗಂಡ ಮಕ್ಕಳೊಂದಿಗೆ ಬಂದಳು, ನಾವೂ ಕೆಳಗಿಳಿದೆವು. ಪಿಂಡವನ್ನು ಬಾಳೆ ಎಲೆಯಲ್ಲಿಟ್ಟು ಗೋಡೆಯ ಮೇಲೆ ಇಟ್ಟರು. ಕಾಗೆ ಮುಟ್ಟುವವರೆಗೆ ಯಾರೂ ಊಟ ಮಾಡುವಂತಿಲ್ಲ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಸತ್ತವರ ಆಸೆ ಏನೋ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಬಾಯಿಬಿಟ್ಟು ಮಾತು ಕೊಡಿ ಎಂದರು ಪುರೋಹಿತರು. ನಮ್ಮಲ್ಲೂ ಹಾಗೇ. ಮೇಷ್ಟ್ರು ಗೋಡೆಯ ಮುಂದೆ ಕೈಮುಗಿದು ನಿಂತರು. ಪುಂಡಿ ಸೊಪ್ಪಿನ ಮಡಿ ಒಣಗಲು ಬಿಡುವುದಿಲ್ಲ ಎಂದರು. ಮಗಳನ್ನು ಬೈಯುವುದಿಲ್ಲ ಎಂದರು. ಆಮೇಲೆ ಎಲ್ಲರ ಎದುರಿಗೆ ಅತ್ತುಬಿಟ್ಟರು. ಅವರ ಹೆಂಡತಿ ವಿಜಯವಾಡದವರು. ಕಾಯಿಲೆ ಬಿದ್ದ ವರ್ಷ, ಒಂದು ಸಲ ಊರಿಗೆ ಕರೆದುಕೊಂಡು ಹೋಗಿ, ಕೃಷ್ಣೆಯಲ್ಲಿ ಮುಳುಗಿ ಬರುತ್ತೇನೆ ಎಂದು ಕೇಳಿದ್ದರಂತೆ. ಬೇಸಿಗೆ ಕಳೆಯಲಿ, ಬಿಸಿಲು ನೀನು ತಡೆಯಲಾರೆ ಎಂದು ಇವರು ಮುಂದೆ ಹಾಕಿದರು. ಬೇಸಿಗೆ ಕಳೆಯಿತು, ಮಳೆ ನಿಲ್ಲಲಿ ಎಂದರು. ಮಳೆ ನಿಲ್ಲುವ ಹೊತ್ತಿಗೆ ಆಕೆ ಉಳಿಯಲಿಲ್ಲ.

"ಕರೆದುಕೊಂಡು ಹೋಗುತ್ತೇನೆ, ಬಾ" ಎಂದು ಗೋಡೆಗೆ ಹೇಳಿದರು. ಮತ್ತೆ ಮತ್ತೆ ಹೇಳಿದರು. ಒಂದು ಕಾಗೆಯೂ ಬರಲಿಲ್ಲ. ಮೂರೂವರೆಗೆ ಪಿಂಡವನ್ನು ಹಸುವಿಗೆ ತಿನ್ನಿಸಿದರು. ನಾನು ಮೂರು ಮಾರು ದೂರದಲ್ಲಿ, ಐದು ಕಾಗೆ ಹೂತ ಮಣ್ಣಿನ ಪಕ್ಕದಲ್ಲೇ ನಿಂತಿದ್ದೆ. ಎಲೆ ತೆಗೆಯುವಾಗ ಮೇಷ್ಟ್ರು ನನ್ನ ಕಡೆ ತಿರುಗಿ, "ಕೋಪಂ ವಚ್ಚಿಂದಂಡಿ ಆವಿಡಕಿ" ಎಂದರು. ಆಕೆಗೆ ಕೋಪ ಬಂದಿದೆ. ಹೇಳಬೇಕಾಗಿದ್ದದ್ದು ಒಂದೇ ಮಾತು. ಹೇಳಲಿಲ್ಲ.

ಆ ರಾತ್ರಿಯಿಂದ ಹೆಂಡತಿ ನನ್ನ ಬೆನ್ನು ಹತ್ತಿದಳು. "ಹೇಳಿಬಿಡ್ರಿ. ಬೈತಾರ, ಬೈಲಿ. ಮನಿ ಬಿಡು ಅಂತಾರ, ಬಿಡೋಣ." ಅವಳ ಮಾತು ಸರಿ ಎಂದು ಗೊತ್ತಿತ್ತು. ಈ ವಾರ ಬೇಡ, ಅವರಿಗೆ ಜ್ವರ. ಮುಂದಿನ ವಾರ ಬೇಡ, ಮಗಳು ಬಂದಿದ್ದಾಳೆ. ನಾಚಿಕೆಗೆ ನೆಪಗಳ ಬರವೇ? ಅಷ್ಟರಲ್ಲಿ ನನಗೆ ವರ್ಗಾವಣೆ ಬಂತು, ಅದೂ ವಿಜಯವಾಡಕ್ಕೆ. ಮೇಷ್ಟ್ರು ಅದನ್ನು ಬೇರೆಯೇ ರೀತಿಯಲ್ಲಿ ತೆಗೆದುಕೊಂಡರು. "ನೋಡಿ, ಆಕೆಯೇ ನಿಮ್ಮನ್ನು ಮುಂದೆ ಕಳಿಸಿದ್ದಾಳೆ. ಈ ಸಲದ ತಿಥಿ ಅಲ್ಲೇ."

ಹಾಗೇ ಬಂದರು. ಮಂಡಿ ನೋವಿನಲ್ಲಿ ಘಾಟಿನ ಮೆಟ್ಟಿಲುಗಳನ್ನು ನನ್ನ ಭುಜ ಹಿಡಿದು ಒಂದೊಂದಾಗಿ ಇಳಿದರು. ಕೃಷ್ಣೆಯ ಘಾಟಿನಲ್ಲಿ ಕಾಗೆಗೇನು ಬರ? ಪಿಂಡ ಇಟ್ಟು ಕೈ ತೆಗೆಯುವ ಮೊದಲೇ ನಾಲ್ಕು ಬಂದು ಎರಗಿದವು. ಮೇಷ್ಟ್ರು ಒದ್ದೆ ಬಟ್ಟೆಯಲ್ಲೇ ನನ್ನನ್ನು ತಬ್ಬಿಕೊಂಡರು. ಅವರ ಖುಷಿ ನೋಡಿ, ಸದ್ಯ, ಎಲ್ಲ ಸರಿಹೋಯಿತು, ಇನ್ನು ಹೇಳುವ ಅಗತ್ಯವೇನು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ ಅವರು ತುತ್ತು ಎತ್ತಲಿಲ್ಲ. "ತವರಿಗೆ ಬಂದಳು. ನನ್ನ ಮನೆಗೆ ಮಾತ್ರ ಬರುವುದಿಲ್ಲ" ಎಂದರು. "ಮೂವತ್ತೆಂಟು ವರ್ಷ ಅಡುಗೆ ಮಾಡಿದ ಮನೆ ಅದು." ನನ್ನ ಹೆಂಡತಿ ಸಾರಿನ ಸೌಟು ಹಿಡಿದು ನನ್ನ ಮುಖ ನೋಡಿದಳು. ನಾನು ಎಲೆ ನೋಡುತ್ತಾ ಉಂಡೆ. ಅವರನ್ನು ರೈಲು ಹತ್ತಿಸಿದೆ, ಕಿಟಕಿಯ ಪಕ್ಕ ನಿಂತು ನೀರಿನ ಬಾಟಲಿ ಕೊಟ್ಟೆ. ಮತ್ತೆ ಅವರನ್ನು ನೋಡಲಿಲ್ಲ...

ಹೀಗೇ ವರ್ಷಗಳು ಉರುಳಿ, ಕಳೆದ ತಿಂಗಳು ಮೇಷ್ಟ್ರು ತೀರಿಕೊಂಡರು. ಆಡಿಟ್ ಇತ್ತು, ಹೋಗಲಾಗಲಿಲ್ಲ. ಇದನ್ನೂ ನೆಪ ಎಂದರೆ ಇಲ್ಲ ಎನ್ನಲಾರೆ. ಹತ್ತನೆಯ ದಿನ ಮಧ್ಯಾಹ್ನ ಮಗಳ ಫೋನ್ ಬಂತು. ಹಿಂದೆ ಜನರ ಸದ್ದು, ಮಕ್ಕಳ ಅಳು ಕೇಳುತ್ತಿತ್ತು.

"ಸಾರ್, ಮನೆ ಗೋಡೆ ಮೇಲೆ ಪಿಂಡ ಇಟ್ಟಿದ್ದೇವೆ, ಕಾಗೆ ಬರುತ್ತಿಲ್ಲ. ಎಲ್ಲ ಮಾತೂ ಕೊಟ್ಟಾಯಿತು. ಅಪ್ಪ ನಿಮ್ಮ ಹತ್ತಿರ ಎಲ್ಲ ಹೇಳಿಕೊಳ್ಳುತ್ತಿದ್ದರು. ಅವರಿಗೆ ಏನು ಆಸೆ ಉಳಿದಿತ್ತು, ನಿಮಗೇನಾದರೂ ಗೊತ್ತಾ?"

ಬ್ಯಾಂಕಿನ ಹಿಂದಿನ ಮೆಟ್ಟಿಲಿನ ಮೇಲೆ ಕೂತು ಹೇಳಿದೆ. ಶೇಂಗಾ, ಪಾಷಾಣ, ವಡೆ, ಐದು ಕಾಗೆ, ಎಲ್ಲ ಹೇಳಿದೆ. ಅಪ್ಪನಿಗೆ ಯಾವ ಆಸೆಯೂ ಇರಲಿಲ್ಲಮ್ಮ, ಪಿಂಡ ಬೇರೆ ಕಡೆ ಇಡಿ, ಬರುತ್ತವೆ ಎಂದೆ.

"ಹಾಗಾದರೆ ಅಮ್ಮನಿಗೆ ಕೋಪ ಇರಲಿಲ್ಲವಾ?"

"ಇರಲಿಲ್ಲಮ್ಮ."

"ಅಪ್ಪ ಸಾಯುವ ಹಿಂದಿನ ದಿನವೂ ಆ ಗೋಡೆ ಹತ್ತಿರ ಅನ್ನ ಹಿಡಿದು ನಿಂತಿದ್ದರು ಸಾರ್" ಎಂದಳು. ಬೈಯಲಿಲ್ಲ. ಪುರೋಹಿತರು ಕರೀತಿದ್ದಾರೆ ಎಂದು ಫೋನ್ ಇಟ್ಟಳು.

ಆಮೇಲೆ ಅವಳು ಫೋನ್ ಮಾಡಿಲ್ಲ, ನನಗೂ ಮಾಡುವ ಧೈರ್ಯವಿಲ್ಲ. ಮಾಡಿದರೂ ಕೇಳಬೇಕಾದವರು ಆ ಮನೆಯಲ್ಲಿಲ್ಲ. ತಪ್ಪು ಮಾಡಿದ್ದು ನಾನು. ಅಷ್ಟು ವರ್ಷ ದಿನಾ ಬೆಳಿಗ್ಗೆ ಕ್ಷಮೆ ಕೇಳಿದ್ದು ಅವರು.