ಕೋಟೆ ಬಾಗಿಲಲ್ಲಿ ಕೂತ ಅತ್ತೆ

ದಾವಣಗೆರೆಯಲ್ಲಿ ಹತ್ತಿದ ರೈಲು ಜೋಧಪುರ ಮುಟ್ಟುವಷ್ಟರಲ್ಲಿ ನಮ್ಮತ್ತೆ ಹೊನ್ನಾಳಿಯಿಂದ ತಂದ ಖಾರ ಮಂಡಕ್ಕಿಯನ್ನು ಇಡೀ ಬೋಗಿಗೆ ಹಂಚಿ ಮುಗಿಸಿದ್ದರು. ಹಿಂದಿಯ ಒಂದು ಪದವೂ ಅವರಿಗೆ ಬಾರದು. ಕೋಟೆ ನೋಡಲೇಬೇಕೆಂದು ಹಟ ಹಿಡಿದು ನನ್ನನ್ನು ಹೊರಡಿಸಿದವರು ಅವರೇ. ಆದರೆ ಇವತ್ತು ಒಳಗಿನ ಕಡಿದಾದ ಏರು ಕಂಡದ್ದೇ ಕೋಟೆ ಬಾಗಿಲ ಕಟ್ಟೆಯ ಮೇಲೆ ಕೂತುಬಿಟ್ಟರು.

"ನನ್ನ ಮಂಡಿಗೆ ಇದು ಆಗಾಕಿಲ್ಲ ಕಣವ್ವಾ. ನೀನು ನೋಡ್ಕೊಂಡು ಬಾ, ನಾನು ಇಲ್ಲೇ ಇರ್ತೀನಿ."

ಅರ್ಧ ಏರು ಹತ್ತಿದೆ. ಅಷ್ಟು ದೂರ ಬಂದವರನ್ನು ಬಿಟ್ಟು ನೋಡಲು ಮನಸ್ಸಾಗದೆ ವಾಪಸ್ ಇಳಿದೆ. ಕಟ್ಟೆ ಖಾಲಿ! ಅವರ ಫೋನೂ ನನ್ನ ಚೀಲದಲ್ಲೇ ಇತ್ತು. ಕಾವಲುಗಾರನಿಗೆ ಹಸಿರು ಸೀರೆಯ ಗುರುತು ಹೇಳಿದೆ. ಅವನು ನಗುತ್ತಾ ಲಿಫ್ಟಿನ ಕಡೆ ಕೈ ತೋರಿಸಿದ.

ಮೇಲೆ ಹೋದರೆ, ಹಳೇ ಫಿರಂಗಿಯ ಪಕ್ಕದ ಕಟ್ಟೆಯಲ್ಲಿ ಅತ್ತೆ ಕೂತಿದ್ದರು. ತಲೆಗೆ ಕೆಂಪು ಸೆರಗು ಹೊದ್ದ ಅಲ್ಲಿನ ಅಜ್ಜಿಯೊಬ್ಬರ ಕೈ ಹಿಡಿದುಕೊಂಡು, ಕೆಳಗಿನ ನೀಲಿ ಮನೆಗಳನ್ನು ನೋಡುತ್ತಿದ್ದರು.

"ಭಾಷೆ ಬರದೆ ಹೆಂಗೆ ಮಾತಾಡಿದ್ರಿ ಅತ್ತೆ?"

"ನಾನು ನನ್ನ ಮಂಡಿ ತೋರಿಸ್ದೆ, ಅವ್ರು ಅವ್ರ ಮಂಡಿ ತೋರಿಸಿದ್ರು. ಆಮೇಲೆ ಕೈ ಹಿಡಿದು ಲಿಫ್ಟಿಗೆ ಕರ್ಕೊಂಡು ಬಂದ್ರು."

ಅಜ್ಜಿ ಕೆಳಗಿನ ಒಂದು ಮನೆಯತ್ತ ಬೆರಳು ಮಾಡಿ, ಬಾಯಿಗೆ ತುತ್ತಿಡುವ ಸನ್ನೆ ಮಾಡಿದರು. ನನಗೆ ಅರ್ಥವಾಗುವ ಮೊದಲೇ ಅತ್ತೆ ಸೆರಗು ಕೊಡವಿಕೊಂಡು ಎದ್ದರು.

"ನಡಿಯವ್ವಾ, ಊಟಕ್ಕೆ ಕರೀತಿದಾರೆ. ಬರಲ್ಲ ಅನ್ನಾಕೆ ಆಗ್ತೈತೇನು?"