ಅತ್ತೆ ಈಜು ಕಲಿಸಿದ ದಂಡೆ

ಹೊಸ ಪೇಂಟಿನ ಘಾಟಿನ ಅಡಿಯಲ್ಲಿ ಹೊಳೆಯ ಪಾಚಿಯ ವಾಸನೆ ಇನ್ನೂ ಉಳಿದಿತ್ತು. ಕಳೆದ ಬೇಸಿಗೆಯಲ್ಲಿ, ಎಷ್ಟೋ ವರ್ಷಗಳ ಮೇಲೆ, ಸಕಲೇಶಪುರದ ಹೇಮಾವತಿ ದಂಡೆಗೆ ಹೋದಾಗ ನನಗೆ ಗುರುತು ಸಿಕ್ಕಿದ್ದು ಅದೊಂದೇ. ನೆಲಕ್ಕೆ ನುಣುಪಾದ ಕಲ್ಲು ಹಾಸಿದ್ದರು. ಉದ್ದಕ್ಕೂ ಸ್ಟೀಲ್ ಕಂಬಿ, ಸಾಲು ದೀಪ, ಫೋಟೋ ತೆಗೆಸಿಕೊಳ್ಳಲು ಒಂದು ಕಟ್ಟೆ. ನಮ್ಮ ಮನೆ, ಅದರ ಹಿತ್ತಲ ಬಾಗಿಲಿಂದ ನೀರಿಗಿಳಿಯುತ್ತಿದ್ದ ಮೆಟ್ಟಿಲು ಇದರಡಿ ಎಲ್ಲಿರಬಹುದೆಂದು ಕಣ್ಣಳತೆಯಲ್ಲೇ ಹುಡುಕಿದೆ. ಇಲ್ಲದ ಬಾಗಿಲ ಮುಂದೆ ನೀವೂ ಎಂದಾದರೂ ನಿಂತಿದ್ದರೆ ನನ್ನ ಪಾಡು ಬಿಡಿಸಿ ಹೇಳಬೇಕಿಲ್ಲ.

ಅಪ್ಪನದು ಏಲಕ್ಕಿ ವ್ಯಾಪಾರ. ಹೆತ್ತೂರು, ಹೊಂಗಡಹಳ್ಳದ ಕಡೆಯಿಂದ ಬಂದ ಮೂಟೆಗಳು ನಡುಮನೆಯಲ್ಲೇ ಇರುತ್ತಿದ್ದವು; ನಮ್ಮ ಲಂಗ, ಶಾಲೆಯ ಪುಸ್ತಕ, ಕೊನೆಗೆ ಮೊಸರಿಗೂ ಅದೇ ಪರಿಮಳ. ಆ ಮನೆಯಲ್ಲಿ ಅಪ್ಪನ ತಂಗಿ, ನಮ್ಮ ಅತ್ತೆ, ಇದ್ದಳು. ಕುಂದೂರಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಹಣೆ ತುಂಬ ವಿಭೂತಿ, ಕಡಿಮೆ ಮಾತು, ದೊಡ್ಡ ಹೆಜ್ಜೆ. ಅವಳಿಗೆ ಈಜು ಬರುತ್ತದೆಂದು ನಮಗೆ ತಿಳಿದದ್ದು ನನ್ನ ಒಂಬತ್ತನೆಯ ವರ್ಷದಲ್ಲಿ. ಶಿವರಾತ್ರಿ ಕಳೆದು ಹೊಳೆ ಇಳಿದಿತ್ತು. ಅಪ್ಪ ಪೇಟೆಗೆ ಹೋದ ಒಂದು ಮಧ್ಯಾಹ್ನ ಅತ್ತೆ ಹಳೇ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ನನಗೂ ತಂಗಿ ವನಜಳಿಗೂ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸಿದಳು. ಬುರುಡೆ ತೇಲಿಸುತ್ತಿತ್ತು, ಹೊಟ್ಟೆಯಡಿ ಅವಳ ಅಂಗೈ ಇರುತ್ತಿತ್ತು. ಕೆಲವು ದಿನಗಳಾದ ಮೇಲೆ ಆ ಅಂಗೈ ಯಾವಾಗ ಸರಿಯಿತೆಂದು ನನಗೆ ಗೊತ್ತೇ ಆಗಲಿಲ್ಲ.

ಹದಿನೈದು ದಿನದಲ್ಲಿ ಸುದ್ದಿ ಪೇಟೆ ಮುಟ್ಟಿತು. ವಿಧವೆ ಹೆಂಗಸು ಕಚ್ಚೆ ಕಟ್ಟಿ ಹೊಳೆಯಲ್ಲಿ ಬೀಳುತ್ತಾಳೆ, ಹೆಣ್ಣುಮಕ್ಕಳನ್ನೂ ಕೆಡಿಸುತ್ತಾಳೆ ಎಂದು ಯಾರೋ ಅಪ್ಪನಿಗೆ ಅಂಗಡಿಯಲ್ಲೇ ಹೇಳಿದರಂತೆ. ಅಪ್ಪ ಊಟಕ್ಕೆ ಕೂತವನೇ, ನಾಳೆಯಿಂದ ಹಿತ್ತಲ ಬಾಗಿಲಿಗೆ ಬೀಗ ಎಂದ. ಅತ್ತೆ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು.

"ಅಕ್ಕ ಮುಳುಗ್ದಾಗ ದಡದ ಮೇಲೆ ನಿಂತು ನೋಡ್ದೋಳು ನಾನು ಕಣಣ್ಣಯ್ಯ. ಕೂಗೋಕೂ ಆಗ್ಲಿಲ್ಲ. ಈ ಮನೇಲಿ ಇನ್ನೊಬ್ಳು ಹಂಗೆ ನಿಂತು ನೋಡಬಾರ್ದು. ಬೀಗ ಹಾಕಿದ್ರೆ ಮುಂದಿನ ಬಾಗ್ಲಿಂದ ಕರ್ಕಂಡ್ ಹೋಗ್ತೀನಿ."

ಅವರಿಬ್ಬರಿಗೂ ಒಬ್ಬ ಅಕ್ಕ ಇದ್ದಳೆಂದು, ಅಜ್ಜಿಯ ಲಿಂಗಪೂಜೆಗೆ ನೀರು ತರಲು ಹೋಗಿ ಅದೇ ಮೆಟ್ಟಿಲಲ್ಲಿ ಜಾರಿದಳೆಂದು ನಾನು ಕೇಳಿದ್ದು ಅವತ್ತೇ. ಅಪ್ಪ ಕೈ ತೊಳೆದು ಎದ್ದುಹೋದ. ಬೀಗ ಬೀಳಲಿಲ್ಲ. ಆದರೆ ಎರಡು ತಿಂಗಳು ಅವನು ತಂಗಿಯ ಜೊತೆ ಮಾತಾಡಲಿಲ್ಲ. ಅತ್ತೆ ದಿನವೂ ಅವನ ತಟ್ಟೆಗೆ ಬಡಿಸಿ, ದಿನವೂ ನಮ್ಮನ್ನು ಹೊಳೆಗೆ ಕರೆದೊಯ್ದಳು.

ಮೊದಲ ಮಳೆ ಬಿದ್ದು ನೀರು ಕೆಂಪಾದಾಗ ವನಜ ಚೊಂಬು ತೊಳೆಯಲು ಹೋಗಿ ಕೊನೆಯ ಮೆಟ್ಟಿಲಿಂದ ಜಾರಿದಳು. ಅಪ್ಪ ಹಿತ್ತಲಲ್ಲೇ ಇದ್ದ. ಅವನು ಓಡಿ ಇಳಿಯುವಷ್ಟರಲ್ಲಿ ಅವಳು ಸೆಳವಿನ ಜೊತೆಗೇ ಓರೆಯಾಗಿ ಈಜಿ, ಕೆಳಗಿನ ಬಂಡೆ ಹಿಡಿದು, ಕೆಮ್ಮುತ್ತಾ ಮೇಲೆ ಬಂದಳು. ಅವತ್ತು ಸಂಜೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮುಂದಿನ ಬೇಸಿಗೆಗೆ ಪಕ್ಕದ ಮನೆಯ ಹುಡುಗಿಯರನ್ನೂ ಕರೆದುಕೊ ಎಂದ. ಅತ್ತೆ ಒಲೆಯ ಕಡೆ ಮುಖ ಮಾಡಿಕೊಂಡೇ ಹೂಂ ಎಂದಳು.

ನಾನು ಕಾಲೇಜಿನಲ್ಲಿದ್ದಾಗ ಅತ್ತೆ ಜ್ವರದಲ್ಲಿ ಹೋದಳು. ಆಮೇಲೆ ಅಪ್ಪ, ಆಮೇಲೆ ಮನೆ.

ಕಂಬಿಗೆ ಆತು ನಿಂತ ನನ್ನನ್ನು ಕಂಡು ಅಲ್ಲಿನ ಕಾವಲುಗಾರ ಬಂದ. ನನ್ನ ಮನೆ ಇಲ್ಲಿತ್ತು ಎಂದೆ. "ನಾ ಬಂದಾಗಿಂದ ಇಲ್ಲಿ ಯಾವ್ ಮನೇನೂ ಇಲ್ಲ ಕಣಮ್ಮ, ಹಿಂಗೇ ಐತೆ," ಎಂದ. ಸುಮ್ಮನೆ ಹೊರಟುಬಿಡಬಹುದಿತ್ತು. ನಾನು ಹೊರಡಲಿಲ್ಲ. ಮೆಟ್ಟಿಲು ಎಲ್ಲಿತ್ತು, ಯಾರು ಮುಳುಗಿದರು, ಯಾರು ಕಲಿಸಿದರು, ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಅವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕೇಳಿದ. ಕೊನೆಗೆ, ಈಜು ಕಲಿಸಿದ ಆ ಅಮ್ಮನ ಹೆಸರೇನು ಎಂದ.

"ಪುಟ್ಟಗೌರಮ್ಮ."

"ಪುಟ್ಟಗೌರಮ್ಮ," ಎಂದ ಅವನು, ನೀರಿನ ಕಡೆ ನೋಡುತ್ತಾ. ಆ ಹೆಸರನ್ನು ಆ ಊರಿನಲ್ಲಿ ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ.